ಗೋದಾಮಿನಲ್ಲಿ ಸಂಸಾರ ಹೂಡಿದವರು

ನಮ್ಮ ಊರಿನ ಹಳೆಯ ಅಡಿಕೆ ಮಂಡಿಯ ಹಿಂದೆ ಒಂದು ಉದ್ದನೆಯ ಕೋಣೆ ಇತ್ತು. ಬಾವಲಿಗಳ ಬೀಡು. ನಾವು ಐದು ಜನ ಹೆಂಗಸರು ಅದನ್ನು ಬಾಡಿಗೆಗೆ ಹಿಡಿದು, ಮೂರು ದಿನ ಸೆರಗು ಸಿಕ್ಕಿಸಿಕೊಂಡು ಗುಡಿಸಿ, ಸುಣ್ಣ ಬಳಿಸಿ, ಒಡೆದ ಹೆಂಚು ಬದಲಿಸಿ, ಕರೆಂಟು ಹಾಕಿಸಿ ಹೊಲಿಗೆ ಮಿಷನ್ನು ಇಟ್ಟೆವು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ದಿನ ಮಾಲೀಕರು ಬಂದು ಸುತ್ತ ಕಣ್ಣಾಡಿಸಿ, "ಜಾಗ ಲಕ್ಷಣವಾಗಿದೆಯಮ್ಮ, ಮಗನಿಗೆ ಅಂಗಡಿ ಇಡಿಸಬೇಕು, ಬಿಟ್ಟುಕೊಡಿ" ಅಂದರು. ಕೈಯಲ್ಲಿ ಕಾಗದಪತ್ರ ಒಂದೂ ಇರಲಿಲ್ಲ. ಬಿಟ್ಟುಕೊಟ್ಟೆವು. ಮಿಷನ್ನು ಮನೆಗೆ ಹೊತ್ತು ತಂದ ದಿನ ನನಗೆ ಅನ್ನ ಸೇರಲಿಲ್ಲ.

ಇಂಥದೇ ಕಥೆ ನ್ಯೂಯಾರ್ಕಿನಂಥ ಊರಿನಲ್ಲೂ ನಡೆದಿದೆ ಎಂದರೆ ನಂಬುತ್ತೀರಾ? ತಂಗಿಯ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗಿದ್ದೆ. ಒಂದು ಭಾನುವಾರ ಅವಳ ಯಜಮಾನರು ಸೋಹೋ ಎಂಬ ಪೇಟೆಗೆ ಕರೆದೊಯ್ದರು. ಹೌಸ್ಟನ್ ರಸ್ತೆಯ ದಕ್ಷಿಣಕ್ಕಿರುವ ಕೇರಿಯಾದ್ದರಿಂದ ಆ ಹೆಸರು. ಐದಾರು ಅಂತಸ್ತಿನ ಹಳೆಯ ಕಟ್ಟಡಗಳು, ಮುಂಭಾಗಕ್ಕೆಲ್ಲ ಎರಕದ ಕಬ್ಬಿಣದ ಕಂಬ, ಆಳೆತ್ತರದ ಕಿಟಕಿ. ಕೆಳಗೆ ಸಾಲು ಸಾಲು ಅಂಗಡಿ. ಒಂದು ಕೈಚೀಲದ ಬೆಲೆ ನೋಡಿ ಕಣ್ಣು ಕತ್ತಲಿಟ್ಟಿತು. ತಂಗಿ ನಕ್ಕು, "ಅಕ್ಕಾ, ಇವೆಲ್ಲ ಒಂದು ಕಾಲದಲ್ಲಿ ಯಾರಿಗೂ ಬೇಡವಾದ ಗೋದಾಮುಗಳು" ಅಂದಳು. ಆಮೇಲೆ ಮಗು ಮಲಗಿದಾಗಲೆಲ್ಲ ಲೈಬ್ರರಿಯ ಪುಸ್ತಕ ಓದಿ ಅರ್ಥ ಹೇಳುತ್ತಿದ್ದಳು. ನಾನು ಮೆಂತ್ಯದ ಹಿಟ್ಟು ಹುರಿಯುತ್ತಾ ಕೇಳುತ್ತಿದ್ದೆ.

ಲಾಫ್ಟ್ ಎಂದರೆ ನಮಗೆ ಉಪ್ಪಿನಕಾಯಿ ಜಾಡಿ ಇಡುವ ಅಟ್ಟ. ಅಲ್ಲಿ ಹಾಗಲ್ಲ, ಕಾರ್ಖಾನೆಯ ಒಂದು ಇಡೀ ಅಂತಸ್ತಿಗೆ ಲಾಫ್ಟ್ ಎನ್ನುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಟ್ಟೆ ವ್ಯಾಪಾರಕ್ಕೂ ಸಣ್ಣ ಕಾರ್ಖಾನೆಗಳಿಗೂ ಕಟ್ಟಿದವು ಅವು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳು ಒಂದೊಂದಾಗಿ ಊರ ಹೊರಗೆ ಹೋದವು. ಮೇಲಾಗಿ ಆ ಕೇರಿಯ ಮೇಲೇ ಒಂದು ದೊಡ್ಡ ಹೆದ್ದಾರಿ ಬರುತ್ತದೆಂಬ ಸುದ್ದಿ. ನಾಳೆ ಕೆಡವುವ ಕಟ್ಟಡಕ್ಕೆ ಇಂದು ಯಾರು ರಿಪೇರಿ ಮಾಡಿಸುತ್ತಾರೆ? ಬಾಡಿಗೆ ಇಳಿಯಿತು. ದೊಡ್ಡ ದೊಡ್ಡ ಚಿತ್ರ ಬರೆಯುವವರು, ಶಿಲ್ಪ ಮಾಡುವವರು ಅಲ್ಲಿಗೆ ಬಂದರು. ಅವರಿಗೆ ಬೇಕಾದದ್ದು ಜಾಗ ಮತ್ತು ಬೆಳಕು, ಎರಡೂ ಅಲ್ಲಿ ಧಾರಾಳ.

ಆದರೆ ಅಲ್ಲಿ ವಾಸ ಮಾಡುವುದು ಕಾನೂನಿಗೆ ವಿರುದ್ಧ. ಕಾರ್ಖಾನೆಯ ಹೊತ್ತು ಮುಗಿಯಿತೆಂದರೆ ಚಳಿಗಾಲದಲ್ಲೂ ಬಿಸಿ ಬಂದ್. ಸ್ನಾನದ ಮನೆ, ಒಲೆ ಎಲ್ಲ ತಾವೇ ಮಾಡಿಕೊಳ್ಳಬೇಕು. ಇನ್‌ಸ್ಪೆಕ್ಟರ್ ಬಂದರೆ ಹಾಸಿಗೆ ಬಚ್ಚಿಡಬೇಕು. ರಾತ್ರಿ ದೀಪ ಕಾಣದಂತೆ ಕಿಟಕಿಗೆ ಪರದೆ. ಇಲ್ಲಿ ಬೆಂಕಿ ಅನಾಹುತ ಎಷ್ಟಿತ್ತೆಂದರೆ ಈ ಕೇರಿಗೆ "ನರಕದ ನೂರು ಎಕರೆ" ಎಂದೇ ಅಡ್ಡಹೆಸರು. 1961ರಲ್ಲಿ ಕಲಾವಿದರೆಲ್ಲ ಒಟ್ಟಾಗಿ ಮುಷ್ಕರದ ಬೆದರಿಕೆ ಹಾಕಿದ ಮೇಲೆ ನಗರದವರು ಸ್ವಲ್ಪ ಬಗ್ಗಿದರು. ಬಾಗಿಲ ಹೊರಗೆ ಎ.ಐ.ಆರ್. ಎಂದು ಫಲಕ ಹಾಕಬೇಕು, ಅಂದರೆ ಒಳಗೆ ಕಲಾವಿದರು ವಾಸವಿದ್ದಾರೆ, ಬೆಂಕಿ ಬಿದ್ದರೆ ಮೊದಲು ಅವರನ್ನು ಇಳಿಸಿ ಎಂದು.

ಇಷ್ಟಾದರೂ ಬಾಡಿಗೆದಾರರ ಪಾಡು ನಮ್ಮ ಪಾಡೇ. ಚೊಕ್ಕಟ ಮಾಡಿದ ಮೇಲೆ ಬಾಡಿಗೆ ಏರಿಸುವುದು, ಇಲ್ಲವೇ ಬಿಡಿಸುವುದು. ಇದಕ್ಕೆ ಉಪಾಯ ಹುಡುಕಿದವನು ಜಾರ್ಜ್ ಮ್ಯಾಚುನಾಸ್. 1931ರಲ್ಲಿ ಲಿಥುವೇನಿಯಾದಲ್ಲಿ ಹುಟ್ಟಿದವನು, ವಾಸ್ತುಶಿಲ್ಪ ಓದಿದವನು. ಒಬ್ಬೊಬ್ಬರೇ ಬಾಡಿಗೆ ಕೊಡುವ ಬದಲು ಹತ್ತು ಜನ ಸೇರಿ ಕಟ್ಟಡವನ್ನೇ ಕೊಳ್ಳೋಣ ಎಂದ. ಎಲ್ಲರೂ ಮುಂಗಡ ಹಾಕುವುದು, ಉಳಿದದ್ದಕ್ಕೆ ಸಾಲ. ಪ್ರತಿಯೊಬ್ಬರೂ ಸಂಘದ ಷೇರುದಾರರು, ಷೇರಿನ ಮೇಲೆ ವಾಸಕ್ಕೊಂದು ಪಾಲು. ಸಾಲದ ಕಂತು, ತೆರಿಗೆ, ರಿಪೇರಿಗೆ ತಿಂಗಳು ತಿಂಗಳು ವಂತಿಗೆ. ನಮ್ಮ ಸಹಕಾರ ಸಂಘದ ಲೆಕ್ಕವೇ ಅನ್ನಿ. 1967ರಲ್ಲಿ ವೂಸ್ಟರ್ ರಸ್ತೆಯ 80ನೆಯ ನಂಬರಿನ ಕಟ್ಟಡದಿಂದ ಶುರುವಾಗಿ ಹತ್ತಕ್ಕೂ ಹೆಚ್ಚು ಕಟ್ಟಡಗಳು ಹೀಗೆ ಕಲಾವಿದರ ಕೈಗೆ ಬಂದವು.

ಹೆದ್ದಾರಿಯ ಯೋಜನೆ 1969ರಲ್ಲಿ ರದ್ದಾಯಿತು. ಅದನ್ನು ಎದುರಿಸಿದವರ ಮುಂಚೂಣಿಯಲ್ಲಿ ಇದ್ದವಳು ಜೇನ್ ಜೇಕಬ್ಸ್, ಮೂರು ಮಕ್ಕಳ ತಾಯಿ. 1971ರಲ್ಲಿ ನಗರವೂ ಮಣಿದು, ಕಲಾವಿದರೆಂದು ಪ್ರಮಾಣಪತ್ರ ಪಡೆದವರು ಸೋಹೋ ಲಾಫ್ಟುಗಳಲ್ಲಿ ವಾಸ ಮಾಡಬಹುದೆಂದಿತು. ಆ ವರ್ಷವೇ ಅಲ್ಲಿ ಕಲಾವಿದರೇ ಸೇರಿ ಫುಡ್ ಎಂಬ ಹೋಟೆಲು ತೆರೆದರು. ಮರುವರ್ಷ ಇಪ್ಪತ್ತು ಮಂದಿ ಹೆಂಗಸರು ಒಗ್ಗೂಡಿ ತಮ್ಮದೇ ಚಿತ್ರಶಾಲೆ ಮಾಡಿಕೊಂಡು ಅದಕ್ಕೆ ಎ.ಐ.ಆರ್. ಎಂದೇ ಹೆಸರಿಟ್ಟರು. ನಮ್ಮ ಅಲಿಗಢದಲ್ಲಿ ಹುಟ್ಟಿದ ಕಲಾವಿದೆ ಜರೀನಾ ಹಶ್ಮಿ 1980ರಲ್ಲಿ ಇಬ್ಬರು ಗೆಳತಿಯರ ಜೊತೆ ಅಲ್ಲೊಂದು ಪ್ರದರ್ಶನ ಏರ್ಪಡಿಸಿದರೆಂದು ಕೇಳಿ ನನಗೇ ಹೆಮ್ಮೆಯಾಯಿತು.

ಇಷ್ಟು ಕೇಳಿ "ಭೇಷ್" ಅಂದೆ. "ತಡಿ ಅಕ್ಕಾ, ಮುಗಿದಿಲ್ಲ" ಅಂದಳು ತಂಗಿ. ಮ್ಯಾಚುನಾಸನಿಗೆ ಉತ್ಸಾಹ ಇದ್ದಷ್ಟು ಕಾಗದಪತ್ರದ ಶಿಸ್ತು ಇರಲಿಲ್ಲ. ಕಾನೂನಿನಂತೆ ನೋಂದಣಿ ಮಾಡಿಸಲಿಲ್ಲ, ಒಂದು ಕಟ್ಟಡದ ಹಣವನ್ನು ಇನ್ನೊಂದಕ್ಕೆ ಹಾಕಿದ. ಸರ್ಕಾರದವರು ಹುಡುಕಿದರೆ ತಲೆಮರೆಸಿಕೊಳ್ಳುತ್ತಿದ್ದ. 1975ರಲ್ಲಿ ಬಾಕಿ ಹಣದ ತಕರಾರಿನಲ್ಲಿ ಹೊಡೆತ ತಿಂದು ಒಂದು ಕಣ್ಣೇ ಹೋಯಿತು. 1978ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ಅವನಿಗೆ ಆಗ ಇನ್ನೂ ನಲವತ್ತಾರು.

ಸಂಘ ಕಟ್ಟಿಕೊಂಡವರು ಉಳಿದರು, ಬರಿಯ ಬಾಡಿಗೆಯಲ್ಲಿದ್ದ ಎಷ್ಟೋ ಜನ ಹೊರಬಿದ್ದರು. ಆದರೆ ಉಳಿದವರೂ ಮುಂದೆ ಷೇರುಗಳನ್ನು ಪೇಟೆಯ ಬೆಲೆಗೆ ಮಾರಬಹುದಿತ್ತು. ಬೆಲೆ ಆಕಾಶಕ್ಕೆ ಏರಿತು, ಕೊಂಡವರು ಹಣವಂತರು. ಹೊಸ ಕಲಾವಿದರಿಗೆ ಅಲ್ಲಿ ಕಾಲಿಡಲು ಜಾಗವಿಲ್ಲ. 2021ರಲ್ಲಿ ನಗರದವರು ನಿಯಮ ಬದಲಿಸಿ, ಕಲಾವಿದರಲ್ಲದವರೂ ಅಲ್ಲಿ ವಾಸ ಮಾಡಲು ದಾರಿ ಮಾಡಿಕೊಟ್ಟರು. ಅದೇ ಊರಿನಲ್ಲಿ 1970ರಲ್ಲಿ ತೆರೆದ ವೆಸ್ಟ್‌ಬೆತ್ ಎಂಬುದು ಬೇರೆ ಥರ. ಹಳೆಯ ಟೆಲಿಫೋನ್ ಪ್ರಯೋಗಾಲಯದಲ್ಲಿ 380ಕ್ಕೂ ಹೆಚ್ಚು ಮನೆ. ಯಾರೂ ಒಡೆಯರಲ್ಲ, ಯಾರೂ ಮಾರುವಂತಿಲ್ಲ, ಬಾಡಿಗೆ ಮಾತ್ರ ಕಡಿಮೆ. ಎಷ್ಟೋ ಕಲಾವಿದರು ಅಲ್ಲೇ ಮುದುಕರಾದರು.

ಊರಿಗೆ ಬಂದ ಮೇಲೆ ಇದನ್ನೆಲ್ಲ ಗೆಳತಿಯರಿಗೆ ಹೇಳಿದೆ. ಈಗ ನಾವು ಏಳು ಜನ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಹಳೆಯ ಹೆಂಚಿನ ಮನೆ ನೋಡಿದ್ದೇವೆ, ಸೇರಿ ಕೊಳ್ಳುವುದೆಂದು. ನನ್ನ ಪಾಲಿಗೆ ಎರಡು ಬಳೆ ಹೋಗಬೇಕು. ಅಮ್ಮ ಮದುವೆಯಲ್ಲಿ ಹಾಕಿದವು. ಮೂರು ರಾತ್ರಿ ನಿದ್ದೆ ಬರಲಿಲ್ಲ. ನಮ್ಮವರು, "ನಾಳೆ ನಿಮ್ಮಲ್ಲೇ ಜಗಳ ಬಂದರೆ?" ಅಂದರು. ಪ್ರಶ್ನೆ ಸರಿಯಾದದ್ದೇ. ಅದಕ್ಕೇ ವಕೀಲರ ಹತ್ತಿರ ಕರಾರು ಬರೆಸುತ್ತಿದ್ದೇವೆ. ಬಿಟ್ಟುಹೋಗುವವಳಿಗೆ ಅವಳು ಹಾಕಿದ ಹಣ, ಅದಕ್ಕೆ ಬ್ಯಾಂಕಿನ ಬಡ್ಡಿ. ಅವಳ ಪಾಲು ಹೊಲಿಗೆ ಬಲ್ಲ ಇನ್ನೊಬ್ಬಳಿಗೇ, ಹೊರಗಿನವರಿಗಲ್ಲ. ಲೆಕ್ಕದ ಪುಸ್ತಕ ತಿಂಗಳಿಗೊಮ್ಮೆ ಎಲ್ಲರ ಮುಂದೆ.

ಬಳೆ ನಿನ್ನೆ ಬಿಚ್ಚಿಕೊಟ್ಟೆ. ಕೈ ಹಗುರ, ಮನಸ್ಸು ಇನ್ನೂ ಸ್ವಲ್ಪ ಭಾರ.

ನಿಮ್ಮೂರಿನಲ್ಲೂ ಒಂದು ಪಾಳು ಮಂಡಿಯೋ ಗೋದಾಮೋ ಇದ್ದೀತು, ನಿಮಗೂ ನಾಲ್ಕು ಜನ ಗೆಳತಿಯರು ಇದ್ದಾರು. ಖಂಡಿತ ಸೇರಿ ಗುಡಿಸಿ. ಆದರೆ ಪೊರಕೆ ಹಿಡಿಯುವ ಮೊದಲು ಕಾಗದ ಮಾಡಿಸಿಕೊಳ್ಳಿ.