ಕುರ್ಚಿ ಸರಿಸಿದ ಕೈ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಎಂಟನೇ ತರಗತಿಯವರಿಗೆ ಪ್ರತಿ ವರ್ಷ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಎರಡು ಕುಂಡ, ಎರಡರಲ್ಲೂ ಅವರೆ ಬೀಜ, ಒಂದೇ ಮಣ್ಣು, ಅಳತೆಯ ನೀರು. ಒಂದಕ್ಕೆ ಗೊಬ್ಬರ, ಇನ್ನೊಂದಕ್ಕಿಲ್ಲ. ‘ಗೊಬ್ಬರ ಹಾಕದ ಕುಂಡ ಯಾಕೆ ಸಾರ್?’ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ‘ಅದಿಲ್ಲದಿದ್ದರೆ ಗಿಡ ಗೊಬ್ಬರದಿಂದ ಬೆಳೀತೋ ತಾನಾಗೇ ಬೆಳೀತೋ ಹೇಗೋ ಗೊತ್ತಾಗೋದು?’ ಎನ್ನುತ್ತಿದ್ದೆ. ಮಗಳ ಕಾಯಿಲೆಯ ವಿಷಯದಲ್ಲಿ ಆ ಎರಡನೇ ಕುಂಡವನ್ನು ಮರೆತೆ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ನೋಡಬಾರದೆಂದೇ ಮುಖ ತಿರುಗಿಸಿಕೊಂಡೆ.

2012ರಲ್ಲಿ ಅವಳ ಬಲಗಣ್ಣು ಮಂಜಾಯಿತು. ಆಗ ಅವಳಿಗೆ 24. ಕಣ್ಣುಗುಡ್ಡೆ ಹೊರಳಿಸಿದರೆ ನೋವು. ಆರು ವಾರದಲ್ಲಿ ಎಲ್ಲ ಸರಿಹೋಯಿತು, ನಾವೂ ಮರೆತೆವು. ಎರಡು ವರ್ಷದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು. ಕಾಲಿನಿಂದ ಚಪ್ಪಲಿ ಜಾರಿ ಹೋದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹಾಸನದಿಂದ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎಂಆರ್‌ಐ ಆಯಿತು, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಮೈಯನ್ನು ಕಾಯಬೇಕಾದ ರೋಗನಿರೋಧಕ ಕಣಗಳೇ ಮಿದುಳು, ಬೆನ್ನುಹುರಿಗಳ ನರಗಳಿಗೆ ಹೊದಿಕೆಯಾಗಿರುವ ಮಯಲಿನ್ ಅನ್ನು ಕಚ್ಚಿ ಹಾಕುವ ಕಾಯಿಲೆ.

ನರರೋಗ ತಜ್ಞರು ಸಮಾಧಾನದಿಂದ ಬಿಡಿಸಿ ಹೇಳಿದರು. 100ರಲ್ಲಿ ಸುಮಾರು 85 ಮಂದಿಗೆ ಇದು ಬಂದು ಹೋಗುವ ರೂಪದಲ್ಲೇ ಶುರುವಾಗುತ್ತದೆ. ಕೆರಳುತ್ತದೆ, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಮತ್ತೆ ಎಂದೋ ಕೆರಳುತ್ತದೆ. ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು 1993ರಿಂದ ಇದೆ. ಗುಣಪಡಿಸುವುದಿಲ್ಲ, ಆದರೆ ಕೆರಳುವಿಕೆಯನ್ನು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗಿಸುತ್ತದೆ. ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ‘ಗುಣಪಡಿಸುವುದಿಲ್ಲ’ ಎಂಬ ಒಂದೇ ಒಂದು.

ಅಲ್ಲಿಂದ ನನ್ನ ಓಡಾಟ ಶುರುವಾಯಿತು. ಕಷಾಯ, ಪಥ್ಯ, ನಾಟಿ ಔಷಧಿ. ಒಂದು ಕಡೆ ಹಬೆಪೆಟ್ಟಿಗೆಯಲ್ಲಿ ಕೂರಿಸಿದರು. ಹೊರಗೆ ಬಂದವಳಿಗೆ ಎದ್ದು ನಿಲ್ಲಲಾಗಲಿಲ್ಲ, ಕಣ್ಣು ಮತ್ತೆ ಮಂಜು. ‘ಒಳಗಿನ ವಿಷ ಹೊರಗೆ ಬರ್ತಾ ಇದೆ’ ಎಂದರು ಅಲ್ಲಿಯವರು. ನಾನು ತಲೆಯಾಡಿಸಿದೆ. ದಣಿದಾಗ ಇಂಥ ರೋಗಿಗಳ ಕಣ್ಣು ಮಸುಕಾಗುವುದನ್ನು ಜರ್ಮನಿಯ ಉಥಾಫ್ ಎಂಬ ನೇತ್ರತಜ್ಞ 1890ರಲ್ಲೇ ಬರೆದಿಟ್ಟಿದ್ದ. ಹೊದಿಕೆ ಹರಿದ ನರ ಮೈಯ ಶಾಖ ತುಸು ಏರಿದರೂ ಸಂದೇಶ ಸಾಗಿಸಲಾರದು ಎಂಬುದು ಈಗ ವೈದ್ಯವಿದ್ಯಾರ್ಥಿಗಳ ಪಾಠ. ತಣ್ಣಗಾದ ಮೇಲೆ ಅವಳು ಸುಧಾರಿಸಿಕೊಂಡಳು. ಅದನ್ನೂ ನಾನು ಹಬೆಯ ಗುಣವೆಂದೇ ಲೆಕ್ಕಕ್ಕೆ ಬರೆದುಕೊಂಡೆ.

2016ರಲ್ಲಿ ಕಾಲು ಇನ್ನೊಮ್ಮೆ ಸೋತಿತು. ಆಸ್ಪತ್ರೆಯಲ್ಲಿ ಐದು ದಿನ ಸ್ಟಿರಾಯ್ಡ್ ಹನಿಸಿದರು. ಅದಾದ ಮೂರನೇ ವಾರಕ್ಕೆ, ಆ ವೈದ್ಯರಿಗೆ ತಿಳಿಸದೆ, ಅವಳನ್ನು ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಆಕರಕೋಶಗಳನ್ನು ಬೇರ್ಪಡಿಸಿ, ಬೆನ್ನಿಗೆ ಚುಚ್ಚಿದರು. ಹರಿದ ಹೊದಿಕೆ ಹೊಸದಾಗಿ ಬೆಳೆಯುತ್ತದೆ ಎಂದರು. ಅವಳು ತೆಗೆದುಕೊಳ್ಳುತ್ತಿದ್ದ ಇಂಟರ್‌ಫೆರಾನ್ ಇನ್ನು ಬೇಡ ಎಂದರು. ದಿನ ಬಿಟ್ಟು ದಿನ ಸೂಜಿ, ಚುಚ್ಚಿದ ರಾತ್ರಿಯೆಲ್ಲ ಚಳಿಜ್ವರ, ತೊಡೆಯ ತುಂಬ ಕೆಂಪು ಗಂಟು; ಇದೆಲ್ಲ ತಪ್ಪುತ್ತದೆ ಎಂಬ ಆಸೆಯೂ ಇತ್ತು. ಭವಿಷ್ಯನಿಧಿಯಿಂದ ತೆಗೆದ ದುಡ್ಡು ಕಟ್ಟಿ ಬಂದೆ.

ಎರಡು ತಿಂಗಳಲ್ಲಿ ಅವಳು ಎದ್ದು ಓಡಾಡಿದಳು. ಸ್ಟಿರಾಯ್ಡ್ ಕೊಟ್ಟಾಗಿತ್ತು. ಕಾಯಿಲೆ ತಾನಾಗಿ ಇಳಿಯುವ ಹೊತ್ತೂ ಅದೇ ಆಗಿತ್ತು. ಗೊಬ್ಬರ ಹಾಕದ ಕುಂಡ ಎದುರಿಗೇ ಇತ್ತು.

ಕ್ಲಿನಿಕ್ಕಿನವರು ವಿಡಿಯೊ ಮಾಡಲು ಮನೆಗೆ ಬಂದರು. ನಡುಮನೆಯ ಬಾಗಿಲಿನಿಂದ ಕುರ್ಚಿಯವರೆಗೆ ಮಗಳು ನಡೆದು ಬರಬೇಕು, ಕೂರಬೇಕು, ನಾನು ನಾಲ್ಕು ಮಾತಾಡಬೇಕು. ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಅಲ್ಲಿಗೆ ಹನ್ನೊಂದು ಹೆಜ್ಜೆ. ಐದಾರು ಹೆಜ್ಜೆಯಾದ ಮೇಲೆ ಅವಳು ಗೋಡೆಗೆ ಕೈ ಕೊಡುತ್ತಾಳೆಂದು ನನಗೆ ಗೊತ್ತಿತ್ತು. ಕ್ಯಾಮೆರಾ ಹೊಂದಿಸುತ್ತಿದ್ದಾಗ ಹೋಗಿ ಕುರ್ಚಿಯನ್ನು ಬಾಗಿಲಿನತ್ತ ಸರಿಸಿದೆ. ಯಾರೂ ಸರಿಸು ಎನ್ನಲಿಲ್ಲ. ಮಗಳು ನನ್ನನ್ನೊಮ್ಮೆ ನೋಡಿದಳು. ನಂತರ ಐದು ಹೆಜ್ಜೆ ನೆಟ್ಟಗೆ ನಡೆದು ಬಂದು ಕೂತಳು. ‘ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದ ಮೇಷ್ಟ್ರಾಗಿ ಹೇಳ್ತಿದೀನಿ, ಇದು ಕೆಲಸ ಮಾಡುತ್ತೆ’ ಎಂದೆ.

ಕೆಲವು ತಿಂಗಳಾದ ಮೇಲೆ ಗದಗದ ಕಡೆಯಿಂದ ಒಂದು ಫೋನು ಬಂತು. ‘ನಮಸ್ಕಾರ್ರಿ ಸರ. ನಿಮ್ಮ ವಿಡಿಯೊ ನೋಡಿದ್ವಿ. ನನ್ನ ಮಗಗೂ ಅದ ರೋಗ ಐತ್ರಿ. ಖರೇನ ಆರಾಮ ಆಗ್ಯಾಳೇನ್ರಿ ನಿಮ್ಮ ಮಗಳು?’ ಆ ಹೊತ್ತಿಗೆ ಮಗಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತಿದ್ದಳು. ‘ಹೋಗಿ ಬನ್ನಿ, ತಡ ಮಾಡಬೇಡಿ’ ಎಂದೆ.

2018ರಲ್ಲಿ ಅವಳ ಬಲಗಾಲು ಮತ್ತೆ ಬಿತ್ತು, ಈ ಸಲ ಪೂರ್ತಿ ಹಿಂದಿರುಗಲಿಲ್ಲ. ಎಂಆರ್‌ಐಯಲ್ಲಿ ಹೊಸ ಕಲೆಗಳು. ‘ಇಂಟರ್‌ಫೆರಾನ್ ಯಾವಾಗ ನಿಲ್ಲಿಸಿದ್ರಿ?’ ಎಂದರು ವೈದ್ಯರು. ತಪಾಸಣೆಗೆ ಹೋದಾಗೆಲ್ಲ ‘ತಗೊಳ್ತಿದಾಳೆ’ ಎಂದು ನಾನೇ ಉತ್ತರಿಸುತ್ತಿದ್ದೆ, ಅವಳು ನೆಲ ನೋಡುತ್ತಿದ್ದಳು. ಅಂದು ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಇಟಲಿಯ ಫೆರಾರಾದ ಪಾವೊಲೊ ಝಂಬೋನಿ ಎಂಬ ವೈದ್ಯರ ವಿಷಯ ಹೇಳಿದರು.

ಝಂಬೋನಿಯವರ ಹೆಂಡತಿಗೂ ಇದೇ ಕಾಯಿಲೆ. ಕತ್ತಿನ ರಕ್ತನಾಳಗಳು ಕಿರಿದಾಗಿರುವುದೇ ಮೂಲ, ಬಲೂನು ಹಾಕಿ ಹಿಗ್ಗಿಸಿದರೆ ಗುಣ ಕಾಣುತ್ತದೆ ಎಂದು ಅವರು 2009ರಲ್ಲಿ ಪ್ರಕಟಿಸಿದರು. ಹಲವು ದೇಶಗಳ ಸಾವಿರಾರು ರೋಗಿಗಳು ದುಡ್ಡು ಕೊಟ್ಟು ಹಿಗ್ಗಿಸಿಕೊಂಡರು, ಲವಲವಿಕೆ ಬಂತು ಎಂದು ಸಾಕ್ಷಿಯನ್ನೂ ಹೇಳಿದರು. ಕೊನೆಗೆ ಝಂಬೋನಿಯವರೇ ಮುಂದೆ ನಿಂತು ಪರೀಕ್ಷೆ ನಡೆಸಿದರು. ಕೆಲವರಿಗೆ ನಿಜವಾಗಿ ಬಲೂನು, ಕೆಲವರಿಗೆ ಬರಿಯ ತೂರುನಳಿಕೆ. ಯಾರಿಗೆ ಯಾವುದೆಂದು ರೋಗಿಗೆ ತಿಳಿಯದು. 2017ರಲ್ಲಿ ಫಲಿತಾಂಶ ಬಂತು: ಪ್ರಯೋಜನವಿಲ್ಲ, ಈ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು. ಆ ವರದಿಗೆ ಮೊದಲ ಹೆಸರು ಅವರದೇ.

ಅದನ್ನು ಕೇಳಿ ತಲೆ ತಗ್ಗಿಸಿದೆ. ಹೆಂಡತಿಗಾಗಿ ಹುಟ್ಟಿದ ನಂಬಿಕೆಯನ್ನು ಆ ಮನುಷ್ಯ ತನ್ನ ಕೈಯಾರೆ ತಕ್ಕಡಿಗಿಟ್ಟ. ಮಗಳಿಗಾಗಿ ಹುಟ್ಟಿದ ನಂಬಿಕೆಯನ್ನು ಕಾಪಾಡಿಕೊಳ್ಳಲು ನಾನು ಕುರ್ಚಿ ಸರಿಸಿದೆ.

ಸ್ಟೆಮ್ ಸೆಲ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ ಎಂಬುದೂ ಆಮೇಲೆ ತಿಳಿಯಿತು. ಒಂದರಲ್ಲಿ ರಕ್ತದ ಆಕರಕೋಶಗಳನ್ನು ಮೊದಲು ತೆಗೆದಿಟ್ಟು, ಕೀಮೊ ಔಷಧಿಗಳಿಂದ ದಾರಿ ತಪ್ಪಿದ ರೋಗನಿರೋಧಕ ವ್ಯವಸ್ಥೆಯನ್ನು ಅಳಿಸಿ, ಆ ಕೋಶಗಳನ್ನು ಮರಳಿ ಕೊಡುತ್ತಾರೆ. ಕಾಯಿಲೆಯ ಮೇಲೆ ಕೆಲಸ ಮಾಡುವುದು ಕೀಮೊ. ಕೋಶಗಳು ರಕ್ತವನ್ನು ಮತ್ತೆ ಕಟ್ಟುತ್ತವೆ. 2019ರಲ್ಲಿ ಪ್ರಕಟವಾದ, 110 ಮಂದಿಯ ಪರೀಕ್ಷೆಯೊಂದರಲ್ಲಿ ಈ ಕಸಿ ಪಡೆದವರಲ್ಲಿ 3 ಮಂದಿಗೆ ಕಾಯಿಲೆ ಮುಂದುವರಿದರೆ, ಔಷಧಿಯಲ್ಲಿದ್ದವರಲ್ಲಿ 34 ಮಂದಿಗೆ ಮುಂದುವರಿಯಿತು. ಆದರೆ ಅದು ವಾರಗಟ್ಟಲೆ ಆಸ್ಪತ್ರೆಯಲ್ಲಿರುವ ಚಿಕಿತ್ಸೆ. ಸೋಂಕಿನ ಭಯವಿದೆ, ಮಕ್ಕಳಾಗುವ ಶಕ್ತಿ ಹೋಗಬಹುದು, ಆರಿಸಿದ ಕೆಲವರಿಗಷ್ಟೇ ಹೊಂದುತ್ತದೆ. ನನ್ನ ಮಗಳಿಗೆ ಮಾಡಿದ್ದು ಇದಲ್ಲ. ಮಜ್ಜೆಯ ಇನ್ನೊಂದು ಬಗೆಯ ಕೋಶಗಳನ್ನು 144 ರೋಗಿಗಳ ರಕ್ತನಾಳಕ್ಕೆ ಕೊಟ್ಟು ನೋಡಿದ ಪರೀಕ್ಷೆ 2021ರಲ್ಲಿ ಹೊರಬಂತು. ಮಿದುಳಿನ ಹೊಸ ಉರಿಯೂತ ಅದರಿಂದ ತಗ್ಗಲಿಲ್ಲ. ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2013ರ ಮಾರ್ಗಸೂಚಿಯಲ್ಲೇ ಇತ್ತು. ನಾನು ಹಣ ಕಟ್ಟುವುದಕ್ಕೆ ಮೂರು ವರ್ಷ ಮೊದಲು.

ಇಷ್ಟು ತಿಳಿದ ಮೇಲೂ ಗದಗದವರಿಗೆ ಫೋನು ಮಾಡಲು ಒಂದು ವರ್ಷ ತೆಗೆದುಕೊಂಡೆ. ಅವರು ಎರಡು ಎಕರೆ ಹೊಲ ಮಾರಿದ್ದರು. ಹುಡುಗ ಗಾಲಿಕುರ್ಚಿಯಲ್ಲಿದ್ದ. ‘ನೀವೂ ನಂಬಿದ್ರೆಲ್ರಿ ಸರ, ನಿಮ್ದೇನ್ ತಪ್ಪೈತ್ರಿ’ ಎಂದರು. ಆ ಕ್ಷಮೆಯನ್ನು ನಾನು ತೆಗೆದುಕೊಳ್ಳುವಂತಿರಲಿಲ್ಲ. ಪೂರ್ತಿ ನಂಬಿದವನು ಕುರ್ಚಿ ಸರಿಸುವುದಿಲ್ಲ. ಆದರೂ ಅಂದು ಅವರಿಗೆ ಕುರ್ಚಿಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಮಗಳನ್ನೊಮ್ಮೆ ಕೇಳಿದೆ, ‘ಯಾಕಮ್ಮ ಬೇಡ ಅನ್ನಲಿಲ್ಲ ನೀನು?’

‘ನಿಮಗೆ ಬೇಕಿತ್ತಲ್ಲಪ್ಪ. ನಾನು ಬೇಡ ಅಂದಿದ್ರೆ ನೀವು ಅನ್ನ ನೀರು ಬಿಡ್ತಿದ್ರಿ.’

ಸೊಂಟಕ್ಕೆ ಚುಚ್ಚಿಸಿಕೊಂಡವಳು ಅವಳು, ಅವಳಿಗೆ ಏನು ಬೇಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಭಯಕ್ಕೆ ಅವಳ ಮೈಮೇಲೆ ಚಿಕಿತ್ಸೆ ಮಾಡಿಸಿದ್ದೆ.

ಈಗ ಅವಳಿಗೆ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಹನಿಸುತ್ತಾರೆ. ಕೋಲು ಹಿಡಿದು ನಡೆಯುತ್ತಾಳೆ, ಕೆಲಸಕ್ಕೂ ಹೋಗುತ್ತಾಳೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಕಾರ್ಡು ಮಾಡಿಸೋಣವೆಂದು ಅವಳು ಹಿಂದೆಯೇ ಕೇಳಿದಾಗ ಅದು ಸೋತಂತೆ ಎಂದು ತಡೆದಿದ್ದೆ. ತಾನೇ ಹೋಗಿ ಮಾಡಿಸಿಕೊಂಡು ಬಂದಳು.

ಆ ವಿಡಿಯೊ ತೆಗೆದುಹಾಕಿ ಎಂದು ಕ್ಲಿನಿಕ್ಕಿನವರನ್ನು ಕೇಳಿಕೊಂಡೆ. ಅವರು ತೆಗೆದುಹಾಕಿದರೂ ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇದೆ. ಇಂದೋ ನಾಳೆಯೋ ನಿಮ್ಮ ಮನೆಯ ಒಬ್ಬರಿಗಾಗಿ ಅದನ್ನು ಯಾರಾದರೂ ಕಳಿಸಬಹುದು. ಅದರಲ್ಲಿ ಒಬ್ಬ ಹುಡುಗಿ ಐದು ಹೆಜ್ಜೆ ನೆಟ್ಟಗೆ ನಡೆದು ಬಂದು ಕೂರುತ್ತಾಳೆ. ಆ ಕುರ್ಚಿ ಮೊದಲು ಕಿಟಕಿಯ ಪಕ್ಕದಲ್ಲಿತ್ತು. ಅಲ್ಲಿಗೆ ಇನ್ನೂ ಆರು ಹೆಜ್ಜೆ ಇತ್ತು.