ಬಿಸಿಲು ಮಾಡುವ ತಪ್ಪು, ತಿದ್ದಲಾರದ ಮೈ

ನಾವು ಸ್ಟ್ರಿಂಗರ್‌ಗಳು ಬಿಸಿಲಲ್ಲೇ ದುಡಿಯುವವರು. ಕೆರೆ ಬತ್ತಿದ ಸುದ್ದಿಗೆ ಬೆಳಿಗ್ಗೆ ಬೈಕ್ ಹತ್ತಿದರೆ, ಸಂಜೆ ಹೊತ್ತಿಗೆ ಮುಂಗೈ ಒಂದು ಬಣ್ಣ, ತೋಳು ಒಂದು ಬಣ್ಣ. ಕಳೆ ಕೀಳುವ, ಕುರಿ ಕಾಯುವ ನಿಮ್ಮ ಮೈಯೂ ಅಷ್ಟೇ. ಆದರೂ ಮೈ ತಡೆದುಕೊಳ್ಳುತ್ತದೆ. ಹೇಗೆ ಎಂದು ನಾವು ಯಾವತ್ತೂ ಕೇಳಿಕೊಂಡಿರಲಿಲ್ಲ.

ಕೇಳುವಂತೆ ಮಾಡಿದ್ದು ಬ್ರೆಜಿಲ್‌ನ ಅರಾರಾಸ್ ಎಂಬ ಹಳ್ಳಿಯ ಸುದ್ದಿ. ಅದೂ ಬೇಸಾಯದ ಊರೇ. ಸುಮಾರು 800 ಜನರಿದ್ದ ಊರಿನಲ್ಲಿ 20ಕ್ಕೂ ಹೆಚ್ಚು ಮಂದಿಗೆ ಜೀರೋಡರ್ಮಾ ಪಿಗ್ಮೆಂಟೋಸಮ್, ಚಿಕ್ಕದಾಗಿ ಎಕ್ಸ್‌ಪಿ ಎಂಬ ಕಾಯಿಲೆ. ಬಿಸಿಲು ಬೀಳುವ ಮುಖ, ಮೂಗು, ತುಟಿಯ ಮೇಲೆ ಕ್ಯಾನ್ಸರ್ ಏಳುತ್ತದೆ. ಅಮೆರಿಕದಲ್ಲಿ ಇದು ಸುಮಾರು 10 ಲಕ್ಷ ಜನರಲ್ಲಿ ಒಬ್ಬರಿಗೆ ಬರುವ ಕಾಯಿಲೆ.

ಯಾಕೆ ಹೀಗಾಗುತ್ತದೆ? ನಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇವೆ. ಪ್ರತಿ ಜೀವಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಬರಹವಿದೆ. ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಬಿಸಿಲಿನ ನೇರಳಾತೀತ ಕಿರಣ ತಗುಲಿದಾಗ, ಪಕ್ಕಪಕ್ಕದಲ್ಲಿರುವ ಎರಡು ಟಿ ಅಥವಾ ಸಿ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದು ನಮಗೂ ನಿಮಗೂ ದಿನಾ ಆಗುವುದೇ. ಆದರೆ ಕೋಶದಲ್ಲೊಂದು ತಿದ್ದುವ ಡೆಸ್ಕ್ ಇದೆ. ಅದು ಅಂಟಿದ ಜಾಗದ ಸುಮಾರು 30 ಅಕ್ಷರಗಳನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸದಾಗಿ ಬರೆಯುತ್ತದೆ.

ಎಕ್ಸ್‌ಪಿ ಇರುವವರಲ್ಲಿ ಈ ಡೆಸ್ಕ್ ಕೆಲಸ ಮಾಡುವುದಿಲ್ಲ. ಕೋಶ ಎರಡಾಗುವಾಗ ಅಂಟಿದ ಅಕ್ಷರಗಳನ್ನು ಸರಿಯಾಗಿ ಓದಲಾಗದೆ, ಸಿ ಇರಬೇಕಾದಲ್ಲಿ ಟಿ ಬಂದು ಕೂರುತ್ತದೆ. ಕೆಲವೊಮ್ಮೆ ಜೋಡಿ ಸಿ ಇದ್ದಲ್ಲಿ ಜೋಡಿ ಟಿ. ಇದು ಬಿಸಿಲು ಬಿಟ್ಟುಹೋದ ಗುರುತು. ಕೋಶದ ಬೆಳವಣಿಗೆಗೆ ಲಗಾಮು ಹಾಕುವ ಪಿ53ರಂಥ ಜೀನ್‌ನಲ್ಲಿ ಇಂಥ ತಪ್ಪು ಬಿದ್ದರೆ ಲಗಾಮು ಕಳಚುತ್ತದೆ. ಕ್ಯಾನ್ಸರ್ ಶುರುವಾಗುವುದು ಹೀಗೆ. ಈ ಕಾಯಿಲೆಯ ಎಂಟು ಬಗೆಗಳಲ್ಲಿ ಏಳರಲ್ಲಿ ಕೆಟ್ಟಿರುವುದು ಈ ಕತ್ತರಿಸಿ ತಿದ್ದುವ ಕೆಲಸ. ಅರಾರಾಸ್‌ನಲ್ಲಿರುವುದು ಎಂಟನೆಯದು. ಅಂಟನ್ನು ದಾಟಿ ಸರಿಯಾಗಿ ನಕಲು ಮಾಡುವ ಕಿಣ್ವವೇ ಅಲ್ಲಿ ಕೆಟ್ಟಿದೆ.

ಈ ಗುಟ್ಟು ಬಯಲಾಗಿದ್ದರಲ್ಲಿ ಪತ್ರಿಕೆಗೂ ಪಾಲಿದೆ ಎಂಬುದು ನಮಗೆ ಹೆಮ್ಮೆ. ಸ್ಯಾನ್ ಫ್ರಾನ್ಸಿಸ್ಕೋದ ವಿಜ್ಞಾನಿ ಜೇಮ್ಸ್ ಕ್ಲೀವರ್ ಈ ಕಾಯಿಲೆಯ ಬಗ್ಗೆ ಓದಿದ್ದು ಪತ್ರಿಕೆಯ ವರದಿಯಲ್ಲಿ. ರೋಗಿಗಳ ಚರ್ಮದ ಕೋಶಗಳ ಮೇಲೆ ನೇರಳಾತೀತ ಕಿರಣ ಬಿಟ್ಟು ನೋಡಿದರು. ಬೇರೆಯವರ ಕೋಶಗಳು ರಿಪೇರಿ ಮಾಡಿಕೊಂಡಷ್ಟು ಇವು ಮಾಡಿಕೊಳ್ಳಲಿಲ್ಲ. ಅದನ್ನು 1968ರಲ್ಲಿ ಪ್ರಕಟಿಸಿದರು. ರಿಪೇರಿಯ ಹೆಜ್ಜೆಗಳನ್ನು ಬಿಡಿಸಿ ತೋರಿಸಿದ ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅವರು ಟರ್ಕಿಯ ಸವೂರ್ ಎಂಬ ಸಣ್ಣ ಊರಿನವರು.

ದೂರದ ಕಾಯಿಲೆ ಎಂದು ಬಿಡುವಂತಿಲ್ಲ. ತಾಯಿ, ತಂದೆ ಇಬ್ಬರಲ್ಲೂ ಒಂದೇ ಜೀನ್‌ನ ಕೆಟ್ಟ ಪ್ರತಿ ಒಂದೊಂದು ಇದ್ದರೆ, ಅವರಿಗೆ ಏನೂ ಆಗಿರುವುದಿಲ್ಲ. ಆದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾದರೆ ಆ ಎರಡು ಪ್ರತಿ ಸೇರುವ ಸಂಭವ ಹೆಚ್ಚು. ಚರ್ಮದ ಮೇಲೆ ಏನೇ ಕಂಡರೂ ನಾಗದೋಷ ಎನ್ನುವುದನ್ನು, ಹೆತ್ತವಳನ್ನೇ ದೂರುವುದನ್ನು ನಾವು ಎಷ್ಟೋ ಜಗುಲಿಗಳಲ್ಲಿ ಕೇಳಿದ್ದೇವೆ. ಇದು ದೋಷವೂ ಅಲ್ಲ, ಶಾಪವೂ ಅಲ್ಲ. ಮುಟ್ಟಿದರೆ ಹರಡುವುದೂ ಇಲ್ಲ.

ಎರಡು ವರ್ಷ ತುಂಬುವ ಮೊದಲೇ ಮಗುವಿನ ಮುಖದ ತುಂಬ ಕಂದು ಚುಕ್ಕೆ ಬಂದರೆ, ಸ್ವಲ್ಪ ಬಿಸಿಲಿಗೇ ಚರ್ಮ ಸುಟ್ಟಂತಾಗಿ ದಿನಗಟ್ಟಲೆ ಆರದಿದ್ದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಚುಕ್ಕೆಗಳೆಲ್ಲ ಎಕ್ಸ್‌ಪಿ ಅಲ್ಲ, ನಿಜ. ಆದರೆ ಹೌದಾದರೆ, ಬೇರುಸಮೇತ ವಾಸಿ ಮಾಡುವ ಔಷಧ ಇಲ್ಲ. ಮೈ ಮುಚ್ಚುವ ಬಟ್ಟೆ, ಟೋಪಿ, ಕನ್ನಡಕ, ಸನ್‌ಸ್ಕ್ರೀನ್, ಆಗಾಗ ತಪಾಸಣೆ ಇವೇ ರಕ್ಷಣೆ. ಮೋಡವಿದ್ದರೂ, ಕಿಟಕಿಯ ಗಾಜಿದ್ದರೂ ಕಿರಣ ಒಳಗೆ ಬರುತ್ತದೆ ಎಂಬುದು ನೆನಪಿರಲಿ. ಎಷ್ಟು ಬೇಗ ಗೊತ್ತಾದರೆ ಆ ಮಗುವಿಗೆ ಅಷ್ಟು ವರ್ಷ ಹೆಚ್ಚು ಸಿಗುತ್ತದೆ.