ಬರುತ್ತೇನೆ

“ಬರುತ್ತೇನೆ, ಅಪ್ಪಯ್ಯ” ಎಂದೆ.

“ಯಾವ ಬರುತ್ತೇನೆ ಮಾರಾಯ? ‘ವಿಲ್’ ಸೇರಿದ್ದೋ, ‘ಗೋಯಿಂಗ್ ಟು’ ಸೇರಿದ್ದೋ?” ಎಂದು ದೂರವಾಣಿಯ ಆಚೆಯಿಂದ ಪ್ರಶ್ನೆ ಬಂದಿತು.

ನನ್ನ ತಂದೆಯವರು ತೀರ್ಥಹಳ್ಳಿಯ ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಮಗನು ಕನ್ನಡ ಎಂ.ಎ. ಮಾಡಿ ಮೈಸೂರಿನಲ್ಲಿ ಅಧ್ಯಾಪಕನಾದುದಕ್ಕೆ ಅವರಿಗೆ ಬೇಸರವಿಲ್ಲ. ಮಗನ ಕ್ರಿಯಾಪದಗಳಲ್ಲಿ ಮಾತ್ರ ನಂಬಿಕೆ ಸಾಲದು.

ಈ ಪ್ರಯೋಗಗಳ ಭೇದವನ್ನು ಅವರು ತರಗತಿಯಲ್ಲಿ ಮಳೆಯ ಮೂಲಕ ಕಲಿಸುತ್ತಿದ್ದರು. ಪಂಚಾಂಗ ನೋಡಿ, ಈ ಸಲ ಆರಿದ್ರಾ ಮಳೆ ಚೆನ್ನಾಗಿ ಬರುತ್ತದೆ ಎಂದರೆ ಅದು ‘ವಿಲ್’, ಹೇಳುವವನ ಎಣಿಕೆ. ಆಗುಂಬೆಯ ದಿಕ್ಕಿನಲ್ಲಿ ಮೋಡ ಕಪ್ಪಿಟ್ಟುದನ್ನು ಕಂಡು ಹೇಳಿದರೆ ‘ಗೋಯಿಂಗ್ ಟು’, ಕಣ್ಣೆದುರು ಸಾಕ್ಷಿಯಿದೆ. ಅಂಗಳದ ಹಪ್ಪಳ ಎತ್ತಲು ಅಮ್ಮ ಸೆರಗು ಸಿಕ್ಕಿಸಿ ಓಡುವ ಮಳೆ ‘ಅಬೌಟ್ ಟು’. ಮನುಷ್ಯನ ಸಂಕಲ್ಪಕ್ಕೂ ಇದೇ ಲೆಕ್ಕ. ಬಾಗಿಲು ಬಡಿದ ಸದ್ದಿಗೆ “ನಾನು ತೆಗೆಯುತ್ತೇನೆ” ಎಂದು ಏಳುವುದು ‘ವಿಲ್’. ಆ ಕ್ಷಣದಲ್ಲಿ ಹುಟ್ಟಿದ ನಿರ್ಧಾರ. ಮೊದಲೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡುದು ‘ಗೋಯಿಂಗ್ ಟು’. ಬಸ್ಸಿನ ಟಿಕೆಟ್ಟು ಕೈಗೆ ಬಂದಮೇಲೆ ಅದೂ ಬೇಡ. ‘ಐ ಆ್ಯಮ್ ಕಮಿಂಗ್ ಆನ್ ಸ್ಯಾಟರ್ಡೇ’ ಎಂದು ವರ್ತಮಾನಕಾಲದಲ್ಲಿಯೇ ಹೇಳಬಹುದು.

ಪದಗಳ ಮೂಲವೂ ಸ್ವಾರಸ್ಯವಾದುದು. ಹಳೆಯ ಇಂಗ್ಲಿಷಿನಲ್ಲಿ ‘ವಿಲ್’ ಎಂದರೆ ಬಯಸುವುದು. ‘ಶಲ್’ ಎಂದರೆ ಋಣಿಯಾಗಿರುವುದು. ಇವೆರಡರ ಬಳಕೆಗೆ ಜಾನ್ ವಾಲಿಸ್ ಎಂಬ ಗಣಿತಜ್ಞನು 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ನಿಯಮವನ್ನೇ ಹಾಕಿಕೊಟ್ಟ. ‘ಗೋಯಿಂಗ್ ಟು’ ಮೊದಲಿಗೆ ನಿಜವಾಗಿಯೂ ಕಾಲೆತ್ತಿ ಹೊರಟವನ ಮಾತು. ಬಯಕೆ, ಋಣ, ನಡಿಗೆ—ಈ ಮೂರರಲ್ಲಿ ನನ್ನ ಬಳಿ ಇದ್ದುದು ಮೊದಲನೆಯದು ಮಾತ್ರ.

“ಕನ್ನಡದಲ್ಲಿ ಅಷ್ಟೆಲ್ಲ ಭೇದವಿಲ್ಲ, ಅಪ್ಪಯ್ಯ” ಎಂದು ಜಾರಿಕೊಳ್ಳಲು ನೋಡಿದೆ. ಅದು ಸುಳ್ಳೆಂದು ನನಗೇ ಗೊತ್ತಿತ್ತು. ‘ಬಂದೇನು’ ಎಂದರೆ ಸಂಶಯ. ‘ಬರುವವನಿದ್ದೇನೆ’ ಎಂದರೆ ಸಂಕಲ್ಪ. ‘ಇದೋ ಬಂದೆ’ ಎನ್ನುವಾಗ ಇನ್ನೂ ಆಗದ ಕೆಲಸವನ್ನು ಭೂತಕಾಲದಲ್ಲಿಯೇ ಹೇಳಿಬಿಡುವ ಧೈರ್ಯ ನಮ್ಮ ಭಾಷೆಗುಂಟು. ಇಷ್ಟು ಸಂಪತ್ತನ್ನು ತರಗತಿಯಲ್ಲಿ ಹಂಚುವ ನಾನು ಮನೆಗೆ ಮಾತ್ರ ಒಂದೇ ‘ಬರುತ್ತೇನೆ’ಯನ್ನು ಕಳಿಸುತ್ತಿದ್ದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ನಮ್ಮಲ್ಲಿ ಹೊರಟುಹೋಗುವವನೂ ‘ಬರುತ್ತೇನೆ’ ಎಂದೇ ಹೇಳುವುದು. ಯುಗಾದಿಗೆ ಬಂದವನು ನೀನೂ ಹಾಗೆಂದೇ ಬಸ್ಸು ಹತ್ತಿದೆ” ಎಂದರು.

ನನಗೆ ಮಾತು ಹೊರಡಲಿಲ್ಲ. ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನನಗಾಗಿ ಎರಡು ಬಾರಿ ಮುಂದಕ್ಕೆ ಹೋಗಿತ್ತು. “ಮಗ ಬರಲಿ, ಕಟ್ಟು ಬಿಚ್ಚಿದ ಕೂಡಲೆ ಅವನ ಮುಖ ಕಾಣಬೇಕು” ಎಂಬುದು ಅವಳ ಹಟ. ಮೊದಲ ಸಲ ಉತ್ತರಪತ್ರಿಕೆಗಳ ಮೌಲ್ಯಮಾಪನ, ಎರಡನೆಯ ಸಲ ವಿಚಾರಸಂಕಿರಣ. ನವರಾತ್ರಿಯೂ ಕಳೆದಿತ್ತು. ಆ ಕಣ್ಣು ಈಗ ಅಕ್ಕಿಯಲ್ಲಿನ ಕಲ್ಲನ್ನೂ ಕಾಣದು.

ಆ ಸಂಜೆಯೇ ಬಸ್ ನಿಲ್ದಾಣಕ್ಕೆ ಹೋಗಿ ಟಿಕೆಟ್ಟು ಕೊಂಡು, ಅಲ್ಲಿಂದಲೇ ಕರೆಮಾಡಿದೆ. ಹಳೆಯ ವಿದ್ಯಾರ್ಥಿಯಂತೆ ನಿಂತು, “ಐ ಆ್ಯಮ್ ಕಮಿಂಗ್ ಆನ್ ಸ್ಯಾಟರ್ಡೇ” ಎಂದೆ.

“ಸೀಟಿನ ಸಂಖ್ಯೆ?”

“ಹದಿನಾಲ್ಕು.”

“ಈಗ ವಾಕ್ಯ ಸರಿಯಾಯಿತು” ಎಂದು ಅವರು ಅಮ್ಮನ ಕೈಗೆ ಕೊಟ್ಟರು.

ಅಮ್ಮನಿಗೆ ವ್ಯಾಕರಣ ಬೇಕಿರಲಿಲ್ಲ. “ಕಾಯ್ತೇನೆ ಮಗಾ” ಎಂದಳು. ಅದು ವರ್ತಮಾನಕಾಲವೋ ಭವಿಷ್ಯತ್ಕಾಲವೋ ಎಂದು ಕೇಳುವ ಮುಖ ನನಗಿರಲಿಲ್ಲ. ಕನ್ನಡದಲ್ಲಿ ಆ ಎರಡಕ್ಕೂ ರೂಪ ಒಂದೇ. ತಾಯಂದಿರ ಮಟ್ಟಿಗೆ ಅರ್ಥವೂ ಒಂದೇ ಇರಬೇಕು.